ಬ್ಯಾಗಿನೊಳಗಿನ ಕಡಪ ಕಲ್ಲು

ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಕಲ್ಲಿತ್ತು!

ಕೊಳ್ಳೇಗಾಲದ ಬಸ್ಸು ಮೈಸೂರಿನ ನಿಲ್ದಾಣದೊಳಕ್ಕೆ ತಿರುಗುತ್ತಿತ್ತು. ಪ್ರಿಂಟ್ ಅಂಗಡಿಯ ವಿಳಾಸದ ಚೀಟಿ ತೆಗೆಯೋಣವೆಂದು ಗಗನ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡಿದ್ದಳು. ಜಿಪ್ಪಿನ ಎರಡು ತುದಿ ಸೇರಿಸಿ ಹಾಕಿದ್ದ ಪುಟ್ಟ ನಂಬರ್ ಬೀಗ. ಆಯುಧಪೂಜೆಯಂದು ಮೆತ್ತಿದ್ದ ಗಂಧ ಒಣಗಿ ಅದರ ಮೂರು ಚಕ್ರಗಳನ್ನೂ ಕಚ್ಚಿ ಹಿಡಿದಿತ್ತು. ಉಗುರಿನಿಂದ ಕೆರೆದಳು. ಹಳದಿ ಹಕ್ಕಳೆ ನೀಲಿ ಚೂಡಿದಾರದ ಮೇಲೆ ಉದುರಿತು. ಚಕ್ರ ತಿರುಗಿಸಿದಳು, ಬೀಗ ಬಿಚ್ಚಿದಳು. ಒಳಗೊಂದು ಹಳೇ ಟವೆಲ್. ಅದರೊಳಗೆ ಅಡಿಗೆಮನೆಯ ಶೆಲ್ಫಿಗೆ ಹಾಕುವಂಥ ಕಡಪ ಕಲ್ಲಿನ ಚೂರು. ಲ್ಯಾಪ್‌ಟಾಪಿಗಿಂತ ಅಗಲ ಅರ್ಧ, ತೂಕ ಮಾತ್ರ ಸಮಸಮ.

"ಅಯ್ಯೋ! ರೀ, ಲ್ಯಾಪ್‌ಟಾಪ್ ಇಲ್ಲ! ಹಾರ್ಡ್ ಡಿಸ್ಕೂ ಇಲ್ಲ ಕಣ್ರೀ!"

ಮುಂದಿನ ಬಾಗಿಲ ಬಳಿ ನಿಂತಿದ್ದ ಗಂಡ ಪ್ರಸಾದ್ ಜನರನ್ನು ತಳ್ಳಿಕೊಂಡು ಬಂದ. ಬ್ಯಾಗು ನೋಡಿದ. ಕಲ್ಲು ನೋಡಿದ. ಗಗನಳ ಪಕ್ಕದಲ್ಲಿ ಕೂತಿದ್ದ ಮುದುಕನನ್ನು ನೋಡಿದ. ಮುದುಕನ ಕಾಲಡಿಯಲ್ಲಿ ಒಂದು ಗೋಣಿಚೀಲ, ಅದರ ಬಾಯಿಂದ ಹೊರಚಾಚಿದ್ದ ಗಾರೆ ಕರಣೆ.

"ಏನೋ ಕೆಲಸ ನಿಂದು?"

"ಕಲ್ಲು, ಟೈಲ್ಸು ಕೂರ್ಸೋದು ಸಾಮಿ..."

ಚಟಾರ್ ಎಂದು ಕೆನ್ನೆಗೆ ಬಿತ್ತು. ಮುದುಕನ ಕನ್ನಡಕ ಹಾರಿ ಯಾರದೋ ಕಾಲಡಿ ಸಿಕ್ಕಿ ಪುಡಿಯಾಯಿತು. ಎರಡನೆಯ ಏಟಿಗೆ ತುಟಿ ಒಡೆಯಿತು. ಬಸ್ಸಿನಲ್ಲಿದ್ದ ಜನ ಕೇಳಬೇಕೆ? ಬಿಟ್ಟಿ ಹೊಡೆತಕ್ಕೆ ಕೈಗಳಿಗೇನು ಬರ! ಆಚೆಯಿಂದೊಬ್ಬ, ಈಚೆಯಿಂದೊಬ್ಬ, ಹೊಡೆದೇ ಹೊಡೆದರು. ಗಗನ ತಡೆಯಲಿಲ್ಲ. "ಇವರೇ ಪಕ್ಕ ಕೂತಿದ್ದು! ಇವರನ್ನ ಬಿಡ್ಬೇಡಿ!" ಎಂದು ತಾನೂ ಕಿರುಚಿದಳು.

ಅವಳ ಕಿರುಚಾಟಕ್ಕೆ ಕಾರಣವಿತ್ತು. ಆರು ವರ್ಷದ ಪಿಎಚ್‌ಡಿ ಆ ಲ್ಯಾಪ್‌ಟಾಪಿನಲ್ಲಿತ್ತು. ಬಾವಿ ತೋಡುವವರು, ಕಲ್ಲು ಒಡೆಯುವವರು, ಕುಂಬಾರರು, ಹೀಗೆ ಮೈಮುರಿದು ದುಡಿಯುವ ಇನ್ನೂರ ಹನ್ನೆರಡು ಜನರ ಮಾತನ್ನು ಊರೂರು ಅಲೆದು ರೆಕಾರ್ಡ್ ಮಾಡಿದ್ದಳು. ಅವರಲ್ಲಿ ನಲವತ್ತು ಜನ ಈಗ ಬದುಕಿಲ್ಲ. ಪ್ರಬಂಧ ಒಪ್ಪಿಸಲು ಇವತ್ತು ಸಂಜೆ ಐದು ಗಂಟೆಯೇ ಕೊನೆಯ ಗಡುವು, ಇನ್ನು ಮುಂದೂಡುವುದಿಲ್ಲವೆಂದು ಕಾಗದ ಬಂದಿತ್ತು. ನಕಲು? ಇತ್ತಲ್ಲ, ಹಾರ್ಡ್ ಡಿಸ್ಕಿನಲ್ಲಿ. ಆ ಜಾಣೆ ಅದನ್ನೂ ಅದೇ ಬ್ಯಾಗಿನಲ್ಲಿಟ್ಟಿದ್ದಳು!

ಹತ್ತೂವರೆಗೆ ಎಲ್ಲರೂ ನಿಲ್ದಾಣದ ಪೊಲೀಸ್ ಹೊರಠಾಣೆಯಲ್ಲಿದ್ದರು. ದೂರನ್ನು ಪ್ರಸಾದನೇ ಬರೆದ. ಗಗನ ಸಹಿ ಹಾಕಿದಳು. ಸಬ್‌ಇನ್ಸ್‌ಪೆಕ್ಟರ್ ಕ್ರಿಸ್ತಿನಾ ಅದನ್ನು ಎರಡು ಸಲ ಓದಿದಳು. ನಜರ್‌ಬಾದಿನಲ್ಲಿ ಹುಟ್ಟಿ ಬೆಳೆದ ಹೆಂಗಸು, ಮಾತು ಕಡಿಮೆ, ಕಣ್ಣು ಜಾಸ್ತಿ.

"ನಿಮ್ಮ ಹೆಸರೇನು ಯಜಮಾನ್ರೇ?"

"ನಿಂಗಯ್ಯ ಕಣವ್ವ. ನರಸೀಪುರದಲ್ಲಿ ಬಸ್ ಅತ್ತಿದ್ದು. ಅಶೋಕಪುರಂನಲ್ಲಿ ಒಂದು ಮನೆಗೆ ನೆಲ ಆಕೋ ಕೆಲ್ಸ."

"ಇವರ ಚೀಲ ಹುಡುಕಿದ್ರಾ?"

"ಹುಡುಕಿದ್ವಿ ಮೇಡಂ. ಇಲ್ಲ," ಎಂದ ಪ್ರಸಾದ್. "ಹಿಂದಿನ ಸ್ಟಾಪಲ್ಲಿ ಇಳಿದೋರ ಕೈಗೆ ದಾಟಿಸ್ಬುಟ್ಟಿದ್ದಾನೆ. ಇದು ಗ್ಯಾಂಗು. ಕಲ್ಲು ಇವನ ಹತ್ರ ಬಿಟ್ಟು ಇನ್ಯಾರ ಹತ್ರ ಇರುತ್ತೆ?"

"ಬ್ಯಾಗ್ ಎಲ್ಲಿತ್ತಮ್ಮ?"

"ಕಾಲ ಮಧ್ಯ ಮೇಡಂ," ಎಂದಳು ಗಗನ. "ಪಟ್ಟಿ ನನ್ನ ಕಾಲಿಗೆ ಸುತ್ಕೊಂಡಿದ್ದೆ. ಬಸ್ಸಲ್ಲಿ ಮೇಲೆ ಇಡಬಾರದು, ನಿದ್ದೆ ಮಾಡಬಾರದು, ಬೀಗ ಹಾಕಿರ್ಬೇಕು ಅಂತ ಇವರು ಎಲ್ಲಾ ಹೇಳ್ಕೊಟ್ಟಿದ್ರು. ಬೀಗಾನೂ ಇವರೇ ತಂದ್ಕೊಟ್ಟಿದ್ದು."

"ಒಳ್ಳೇ ಗಂಡ. ನಿದ್ದೆ ಮಾಡಿದ್ರಾ?"

ಗಗನಳ ಕಣ್ಣು ತುಂಬಿತು. "ಸ್ವಲ್ಪ ತೂಕಡಿಸಿದೆ."

"ಥೂ! ಅದಕ್ಕೇ ಬಾಯಿ ಬಡ್ಕೊಂಡಿದ್ದು ನಾನು!" ಎಂದ ಪ್ರಸಾದ್.

ಕ್ರಿಸ್ತಿನಾ ಮುದುಕನ ಕಡೆ ತಿರುಗಿದಳು. "ಇವತ್ತು ಬೆಳಿಗ್ಗೆ ಎಲ್ಲಾದ್ರೂ ಕಲ್ಲು ಕುಯ್ದಿದ್ರಾ? ನಿಜ ಹೇಳಿ."

"ಇಲ್ಲ ಕಣವ್ವ. ಪೂಜೆ ಮಾಡಿದ ಅತಾರನ ಇನ್ನೂ ಮುಟ್ಟೇ ಇಲ್ಲ. ಇವತ್ತೇ ಮೊದಲ್ನೇ ಕೆಲ್ಸ. ನೋಡಿ ಬೇಕಾದ್ರೆ, ಗಂಧ ಅಂಗೇ ಅದೆ." ಚೀಲ ಬಿಚ್ಚಿ ಕರಣೆ, ಸುತ್ತಿಗೆ, ರಸಮಟ್ಟ ಒಂದೊಂದೇ ಮೇಜಿನ ಮೇಲಿಟ್ಟ. ಹಿಡಿಗಳ ಮೇಲೆ ಗಂಧದ ಬೊಟ್ಟು, ನಡುವೆ ಕುಂಕುಮ. ಒಂದು ಬಿರುಕೂ ಇರಲಿಲ್ಲ. ಅವನ ತುಟಿಯ ರಕ್ತ ಒಂದು ಹನಿ ರಸಮಟ್ಟದ ಮೇಲೆ ಬಿತ್ತು. ಅಂಗಿಯ ತುದಿಯಿಂದ ಬೊಟ್ಟು ಅಳಿಯದ ಹಾಗೆ ಒರೆಸಿದ.

ಕ್ರಿಸ್ತಿನಾ ಆ ಬೊಟ್ಟುಗಳನ್ನೇ ನೋಡುತ್ತ ಕೂತಳು. ಆಮೇಲೆ ಗಗನಳ ನೀಲಿ ಚೂಡಿದಾರ ನೋಡಿದಳು.

"ನಿಮ್ಮ ಬಟ್ಟೆ ಮೇಲೆ ಏನದು ಹಳದಿ?"

"ಗಂಧ ಮೇಡಂ. ನಮ್ಮ ಅಂಗಡೀಲಿ ಆಯುಧಪೂಜೆಗೆ ಸ್ಪ್ಯಾನರ್ ಸಾಲಲ್ಲೇ ನನ್ನ ಬ್ಯಾಗೂ ಇಟ್ಟಿದ್ವಿ. ಬೀಗಕ್ಕೆ ಗಂಧ ಹಚ್ಚಿದ್ರು."

"ಲ್ಯಾಪ್‌ಟಾಪ್ ಹೊರಗೆ ಇಡಲಿಲ್ವಾ?"

"ಜನ ಬಂದು ಹೋಗ್ತಿರ್ತಾರೆ, ಬ್ಯಾಗಲ್ಲೇ ಇರ್ಲಿ ಅಂದ್ರು ಇವರು. ಹಿಂದಿನ ದಿನವೇ ಬರೆಯೋದು ಮುಗಿಸಿ ನಾನೇ ಒಳಗಿಟ್ಟು ಬೀಗ ಹಾಕಿದ್ದೆ. ಪೂಜೆಗಿಟ್ಟ ಮೇಲೆ ಮೂರನೇ ದಿನದ ತನಕ ಮುಟ್ಟೋ ಹಾಗಿಲ್ಲ. ಇವತ್ತು ಬೆಳಿಗ್ಗೆ ಪೂಜೆ ಕದಲಿಸಿ ಎತ್ಕೊಂಡು ಸೀದಾ ಬಸ್ ಹತ್ತಿದ್ವಿ."

"ಬಸ್ಸಲ್ಲಿ ಬೀಗ ತೆಗೆದ್ರಲ್ಲ, ಆಗ ಚಕ್ರ ಸಲೀಸಾಗಿ ತಿರುಗ್ತಾ?"

"ಇಲ್ಲ. ಗಂಧ ಗಟ್ಟಿಯಾಗಿ ಅಂಟಿತ್ತು. ಕೆರೆದು..."

ಅಷ್ಟು ಹೇಳಿದವಳು ತಡೆದು ಚೂಡಿದಾರದ ಮೇಲಿನ ಹಳದಿ ಹಕ್ಕಳೆ ನೋಡಿದಳು.

"ಕೆರೆದು?" ಎಂದಳು ಕ್ರಿಸ್ತಿನಾ.

"ಕೆರೆದು... ತಿರುಗಿಸಿದೆ."

"ಮೇಡಂ, ಗಂಧ ಕಟ್ಕೊಂಡು ಏನು? ಕಳ್ಳ ಇಲ್ಲೇ ನಿಂತಿದ್ದಾನೆ!" ಪ್ರಸಾದನ ದನಿ ಏರಿತು.

"ಕೂತ್ಕೊಳ್ರೀ!" ಕ್ರಿಸ್ತಿನಾ ಮೇಜು ಗುದ್ದಿದಳು. "ನಮ್ಮ ಮನೇಲಿ ಈ ಪೂಜೆ ಇಲ್ಲ. ಆದ್ರೆ ಹದಿನಾಲ್ಕು ವರ್ಷದಿಂದ ಠಾಣೆ ಜೀಪಿಗೆ, ಬಂದೂಕಿಗೆ ಮುಂದೆ ನಿಂತು ಪೂಜೆ ಮಾಡ್ಸಿದ್ದೀನಿ. ಒಣಗಿದ ಗಂಧ ಒಂದು ಸಲ ಒಡೆದ್ರೆ ಮತ್ತೆ ಕೂಡಲ್ಲ. ಈ ಯಜಮಾನ್ರು ಬಸ್ಸಲ್ಲಿ ಬೀಗ ತೆಗೆದಿದ್ರೆ ಚಕ್ರ ತಿರುಗಿಸಬೇಕಿತ್ತು. ತಿರುಗಿಸಿದ್ರೆ ಗಂಧ ಉದುರಬೇಕಿತ್ತು. ಉದುರಿದ್ದು ಎಲ್ಲಿ? ನಿಮ್ಮ ಹೆಂಡ್ತಿ ಬಟ್ಟೆ ಮೇಲೆ! ಕಳ್ಳತನ ಮಾಡಿ, ಬಸ್ಸಲ್ಲೇ ಗಂಧ ತೇಯ್ದು, ಹಚ್ಚಿ, ಒಣಗಿಸ್ಕೊಂಡು ಕೂತಿದ್ರಾ ಇವರು?"

ಹೊರಗೆ ಕಂಡಕ್ಟರೊಬ್ಬ "ನಂಜನಗೂಡು, ನಂಜನಗೂಡು" ಎಂದು ಕೂಗುತ್ತಿದ್ದ.

"ಅಂದ್ರೆ ಗಂಧ ಹಚ್ಚಿದ ಮೇಲೆ ಆ ಬೀಗನ ಯಾರೂ ತೆಗೆದಿಲ್ಲ. ಲ್ಯಾಪ್‌ಟಾಪ್ ಹೋಗಿದ್ದು ಅದಕ್ಕೂ ಮುಂಚೆ. ನಿಮ್ಮ ಮನೇಲೇ. ಮೂರು ದಿನ ನೀವು ಪೂಜೆ ಮಾಡಿದ್ದು ಕಲ್ಲಿಗೆ ಕಣಮ್ಮ. ಮನೇಲಿ ಯಾರ್ ಯಾರಿದ್ದೀರಿ?"

"ನಾವಿಬ್ರೇ."

"ಬೀಗದ ನಂಬರ್ ಯಾರಿಗೆ ಗೊತ್ತು?"

"ನಮ್ಮ ಮದುವೆ ತಾರೀಕು ಅದು. ನಮ್ಮಿಬ್ರಿಗೇ ಗೊತ್ತು."

"ಗಂಧ ಹಚ್ಚಿದ್ಯಾರು?"

ಗಗನ ಗಂಡನ ಕಡೆ ತಿರುಗಿ ನೋಡಿದಳು. ಅವನು ಗೋಡೆ ನೋಡುತ್ತಿದ್ದ.

"ಇನ್ನೊಂದು ಮಾತು," ಎಂದಳು ಕ್ರಿಸ್ತಿನಾ. "ಯಜಮಾನ್ರೇ, ನಿಮಗೆ ಆ ಸೀಟು ಹೆಂಗೆ ಸಿಕ್ತು?"

ನಿಂಗಯ್ಯ ಬಾಯಿ ಒರೆಸಿಕೊಂಡ. "ಇವರೇ ಎದ್ದು ಕೊಟ್ರು ಕಣವ್ವ. ನಾ ನಿಂತ್ಕತೀನಿ ಅಂದೆ. ನನ್ನ ಚೀಲ ನೋಡ್ಬುಟ್ಟು, 'ಗಾರೆ ಕೆಲ್ಸದೋರಾ? ವಯಸ್ಸಾದೋರು, ಕೂತ್ಕಳಿ' ಅಂದ್ರು. ಎಷ್ಟು ಒಳ್ಳೇ ಮನ್ಸ ಅನ್ಕಂಡೆ."

"ಕೇಳಿದ್ರಾ? ಹೆಂಡ್ತಿಗೆ ನಿದ್ದೆ ಮಾಡ್ಬೇಡ ಅಂತ ಪಾಠ ಹೇಳೋ ಗಂಡ, ಬ್ಯಾಗ್ ಪಕ್ಕದ ಸೀಟನ್ನ ಗುರುತಿಲ್ಲದೋರಿಗೆ ಬಿಟ್ಟುಕೊಟ್ಟು ಬಾಗಿಲ ಹತ್ರ ಹೋಗಿ ನಿಲ್ತಾನೆ. ಯಾಕೆ? ಕಲ್ಲು ಆಗಲೇ ಬ್ಯಾಗಲ್ಲಿತ್ತು. ಕಲ್ಲಿಗೊಂದು ಮುಖ ಬೇಕಿತ್ತು. ನರಸೀಪುರದಲ್ಲಿ ಆ ಮುಖ ಕರಣೆ ಹಿಡ್ಕೊಂಡು ಬಸ್ ಹತ್ತಿತು. ಲ್ಯಾಪ್‌ಟಾಪ್ ಕದ್ದಿದ್ದು ನೀವೇ ಪ್ರಸಾದ್. ಗಂಧ ಹಚ್ಚದೆ ಬಿಟ್ಟಿದ್ರೆ ಈ ಯಜಮಾನ್ರು ಜೈಲಿಗೆ ಹೋಗ್ತಿದ್ರು. ಬೀಗ ಬರಿದಾಗಿ ಬಿಡೋಕೆ ಮನಸ್ಸು ಬರಲಿಲ್ಲ ಅಲ್ವಾ? ಶಾಸ್ತ್ರ ತಪ್ಪಬಾರದಲ್ಲ!"

ಪ್ರಸಾದ್ ಇನ್ನೂ ಗೋಡೆಯನ್ನೇ ನೋಡುತ್ತಿದ್ದ. ಆಮೇಲೆ ನಕ್ಕ. ಏಳು ವರ್ಷದ ಸಂಸಾರದಲ್ಲಿ ಆ ನಗುವನ್ನು ಗಗನ ಕಂಡಿರಲಿಲ್ಲ.

"ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತೋನು ನಾನು. ಅಂಗಡಿಗೆ ಬಂದೋರೆಲ್ಲ 'ಡಾಕ್ಟ್ರಮ್ಮನ ಗಂಡ' ಅಂತ ಕಿಸಕ್ ಅಂತಿದ್ರು. ಪಟ್ಟ ಬಂದ್ಮೇಲೆ ಮೈಸೂರಲ್ಲಿ ಕೆಲಸ. ಆಮೇಲೆ ನಾನ್ಯಾರು ಇವಳಿಗೆ?"

"ಎಲ್ಲಿದೆ ರೀ?" ಗಗನ ಎದ್ದು ಅವನ ಅಂಗಿ ಹಿಡಿದಳು. ಗೋಡೆ ಗಡಿಯಾರದಲ್ಲಿ ಹನ್ನೊಂದೂಕಾಲು. "ನಿಮ್ಮ ದಮ್ಮಯ್ಯ, ಎಲ್ಲಿಟ್ಟಿದ್ದೀರಾ ಹೇಳಿ. ನಾನು ಏನೂ ಕೇಳಲ್ಲ. ಕಾರ್ ಮಾಡ್ಕೊಂಡು ಹೋಗಿ ಐದರೊಳಗೆ ತಂದ್ಬಿಡ್ತೀನಿ. ಎಲ್ಲಿದೆ?"

"ಪೂಜೆ ದಿನ ಬೆಳಿಗ್ಗೆ ಹಿತ್ತಲಲ್ಲಿ ಮೋಟರಿಂದ ಬಿಚ್ಚಿದ ಹಳೇ ಕಾಯಿಲ್ ಸುಟ್ಟೆನಲ್ಲ?" ಪ್ರಸಾದ್ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಏನ್ರೀ ಇಷ್ಟು ಕೆಟ್ಟ ವಾಸನೆ ಅಂತ ಬಂದು ಕೇಳ್ದೆಯಲ್ಲ? ಅದೇ ವಾಸನೆ. ಎರಡೂ ಅದ್ರಲ್ಲೇ ಹೋಯ್ತು."

ಗಗನಳಿಗೆ ನೆನಪಿತ್ತು. ಹಬ್ಬದ ದಿನ ಹಿತ್ತಲು ಹೊಲಸಾಗಿರಬಾರದೆಂದು ಆ ಬೂದಿಯನ್ನು ಅವಳೇ ಗುಡಿಸಿದ್ದಳು. ಕರಟಿದ ಪ್ಲಾಸ್ಟಿಕ್ಕಿನ ಗಂಟನ್ನು ಕಡ್ಡಿಯಿಂದ ಎತ್ತಿ ಕಸದ ಬಂಡಿಗೆ ಹಾಕಿದ್ದಳು. ನೀರು ಚಿಮುಕಿಸಿ, ಸಾರಿಸಿ, ಅದೇ ಜಾಗದಲ್ಲಿ ಎಂಟೆಳೆ ರಂಗೋಲಿ ಬಿಟ್ಟಿದ್ದಳು. ಚೆನ್ನಾಗಿ ಬಂದಿದೆ ಎಂದು ಅವನು ಹೇಳಿದ್ದ.

ಅವಳು ಅಳಲಿಲ್ಲ, ಬೆಂಚಿನ ಮೇಲೆ ಕೂತಳು. ಸತ್ತ ಆ ನಲವತ್ತು ಜನ ಇನ್ನೊಂದು ಸಲ ಸತ್ತಿದ್ದರು.

ನಿಂಗಯ್ಯ ಹತಾರಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ. ಕನ್ನಡಕವಿಲ್ಲದೆ ತಡವರಿಸಿ ತಡವರಿಸಿ ಹುಡುಕುತ್ತಿದ್ದ. ಗಗನ ಸುತ್ತಿಗೆ ಎತ್ತಿ ಕೊಡಲು ಹೋದಳು.

"ಕ್ಷಮಿಸ್ಬಿಡಿ ಯಜಮಾನ್ರೇ. ನನಗೆ ಗೊತ್ತಾಗಲಿಲ್ಲ."

"ಅವ್ನು ಒಡೆದ. ಅವನಿಗೆ ಕಾರಣ ಇತ್ತು ಅಂತ ಇಟ್ಕಳಿ," ಎಂದ ನಿಂಗಯ್ಯ. ಸುತ್ತಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡ. "ನೀವು ಓದ್ದೋರು. ಬಸ್ಸಲ್ಲಿ ಅಷ್ಟು ದೂರ ಪಕ್ಕದಲ್ಲೇ ಕೂತಿದ್ದೆ. ಬಿಡ್ಬೇಡಿ ಅಂತ ಕಿರುಚೋಕೆ ಮೊದ್ಲು ನನ್ನ ಒಂದು ಮಾತು ಕೇಳಿದ್ರಾ ಕಣವ್ವ?"

ಇಂಥವರ ಮಾತು ಕೇಳುವುದಕ್ಕೆಂದೇ ಆರು ವರ್ಷ ಸವೆಸಿದವಳು ಖಾಲಿ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮುದುಕ ಚೀಲ ಹೆಗಲಿಗೇರಿಸಿ, ಬಾಗಿಲ ಚೌಕಟ್ಟು ಮುಟ್ಟಿ ನೋಡಿಕೊಂಡು ಆಚೆ ಹೋದ.

ಕ್ರಿಸ್ತಿನಾ ಹಳೆಯ ದೂರನ್ನು ಪಕ್ಕಕ್ಕೆ ಸರಿಸಿ ಹೊಸ ಹಾಳೆ ಮುಂದಿಟ್ಟಳು. "ಬರೀತೀರಾ?"

ಪ್ರಸಾದ್ ಮೊದಲ ಬಾರಿಗೆ ಹೆದರಿದ. "ಗಗನಾ, ಮನೆಗೆ ಹೋಗಿ ಮಾತಾಡೋಣ. ಹೊಸ ಲ್ಯಾಪ್‌ಟಾಪ್ ತೆಕ್ಕೊಡ್ತೀನಿ ಕಣೇ."

ಗಗನ ಪೆನ್ನು ತೆಗೆದುಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಗಂಧವಿತ್ತು. ಸಂಜೆ ಐದರೊಳಗೆ ಅವಳು ಮುನ್ನೂರ ನಲವತ್ತು ಪುಟ ಒಪ್ಪಿಸಬೇಕಿತ್ತು. ಹನ್ನೆರಡಕ್ಕೆ ಮುಂಚೆಯೇ ಒಂದು ಪುಟ ಬರೆದು, ಸಹಿ ಹಾಕಿ ಒಪ್ಪಿಸಿದಳು.