ಬೊಕ್ರೆ ಓದಿದ ದಾರಿ

ಕೊರಿಯಾದ ಸೊರಾಕ್ ಬೆಟ್ಟದ ಎತ್ತರದಲ್ಲಿರುವ ಬೊಂಗ್‌ಜೊಂಗಾಮ್ ಗುಡಿಗೆ ಬಸ್ಸಿನಲ್ಲೇ ಹೋಗಬೇಕು, ಕಾಲ್ನಡಿಗೆಯಲ್ಲೇ ಹತ್ತಬೇಕು, ಬಸ್ಸಿನಲ್ಲೇ ಮರಳಬೇಕು. ದಾರಿಯ ಬೋರ್ಡುಗಳನ್ನೆಲ್ಲ ಬೊಕ್ರೆಯೇ ಓದಬೇಕು. ಗೆಳತಿ ಜೊಮ್‌ಸುನ್ ತುಟಿ ಬಿಚ್ಚಕೂಡದು. ಹೊರಡುವ ಮುಂಚೆ ಇಬ್ಬರೂ ಮಾಡಿಕೊಂಡ ಕರಾರು ಅದು.

ಎಪ್ಪತ್ತು ದಾಟಿದ ಬೊಕ್ರೆ ಉಯಿಸೊಂಗ್‌ನ ಬೆಳ್ಳುಳ್ಳಿ ಹೊಲಗಳಲ್ಲಿ ಆಯಸ್ಸು ಸವೆಸಿದವಳು. ಅಣ್ಣಂದಿರು ಶಾಲೆಗೆ ಹೋದಾಗ ಅವಳು ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಕಳೆ ಕೀಳುತ್ತಿದ್ದಳು. ಅಕ್ಷರ ಕಲಿತದ್ದು ಈಚೆಗೆ, ಊರ ಮುದುಕಿಯರಿಗಾಗಿ ನಡೆದ ಚಳಿಗಾಲದ ತರಗತಿಯಲ್ಲಿ.

ಮೊದಲ ನಿಲ್ದಾಣದಲ್ಲೇ ಎಡವಿದಳು. ಹೋಗಬೇಕಾದದ್ದು ವೊನ್‌ತೊಂಗ್‌ಗೆ. ‘ವೊನ್’ ಎಂಬ ಮೊದಲಕ್ಷರ ಕಂಡದ್ದೇ ವೊನ್‌ಜು ಬಸ್ ಹತ್ತಿಬಿಟ್ಟಳು. ಎರಡನೆಯದನ್ನು ಓದಿ, ಮುಖ ಕೆಂಪಗೆ ಮಾಡಿಕೊಂಡು ಇಳಿದಳು.

“ನಾನೇನೂ ಅನ್ಲಿಲ್ಲಪ್ಪ,” ಎಂದಳು ಜೊಮ್‌ಸುನ್.

“ನಿನ್ನ ಮೂತಿ ಹೇಳ್ತಿದೆಯಲ್ಲ, ಸಾಲದಾ?”

ಮಧ್ಯಾಹ್ನದ ಹೊತ್ತಿಗೆ ಬೆಕ್‌ದಾಮ್‌ಸಾ ಮಠದ ಬಳಿ ಇಳಿದು, ಗುಡಿಗೆ ಒಪ್ಪಿಸುವ ಅಕ್ಕಿಯ ಗಂಟನ್ನು ಬೆನ್ನಿಗೇರಿಸಿದರು. ಹಳ್ಳದ ಪಕ್ಕದಲ್ಲೇ ಹಾದಿ. ನೀರು ಹಸಿರು ಗಾಜಿನಂತೆ ಬಂಡೆಯಿಂದ ಬಂಡೆಗೆ ಜಾರುತ್ತಿತ್ತು. ಮೇಪಲ್ ಮರಗಳು ತುದಿಯಿಂದ ಕೆಂಪಾಗತೊಡಗಿದ್ದವು, ಬುಡ ಇನ್ನೂ ಹಸಿರು. ಎದುರಾದವರೆಲ್ಲ “ಇನ್ನೇನು ಬಂತು, ಅಜ್ಜಿ” ಎನ್ನುತ್ತಿದ್ದರು. ಕೊರಿಯಾದ ಬೆಟ್ಟಗಳಲ್ಲಿ ಎಲ್ಲರೂ ಹೇಳುವ ಸುಳ್ಳು ಅದು.

ಆಮೇಲೆ ಮಳೆ ಬಂತು.

ಹಳ್ಳ ಕಂದು ಬಣ್ಣಕ್ಕೆ ತಿರುಗಿ ಗುಡುಗತೊಡಗಿತು. ಪಾಚಿಕಟ್ಟಿದ ಕಲ್ಲಿನ ಮೇಲೆ ಜೊಮ್‌ಸುನ್ ಜಾರಿದಳು. ಬೊಕ್ರೆ ಅವಳ ಚೀಲದ ಪಟ್ಟಿ ಹಿಡಿದು ಎಳೆದಳು. ಜೊಮ್‌ಸುನ್ ಉಳಿದಳು. ಅವಳ ಕನ್ನಡಕ ಹೊಳೆಪಾಲಾಯಿತು.

ಮುಂದೆ ದಾರಿ ಕವಲೊಡೆದಿತ್ತು. ಚಾರಣಿಗರು ಕೊಂಬೆಗಳಿಗೆ ಕಟ್ಟಿದ ರಿಬ್ಬನ್ನುಗಳೆಲ್ಲ ಎಡಕ್ಕೆ, ಹಳ್ಳದತ್ತ ಇಳಿದಿದ್ದವು. ಬಲಕ್ಕೆ ಬಂಡೆಗಳ ನಡುವೆ ಕಡಿದಾದ ಏರು. ನಡುವೆ ಕೈಬರಹದ ಹಲಗೆಯೊಂದು, ಮಳೆಗೆ ಬಣ್ಣ ಕದಡಿಕೊಂಡು ನಿಂತಿತ್ತು.

“ರಿಬ್ಬನ್ ಇದಾವಲ್ಲ, ಎಡಕ್ಕೇ ನಡಿ ಅಕ್ಕಾ. ಕತ್ತಲಾಗ್ತಿದೆ,” ಎಂದಳು ಜೊಮ್‌ಸುನ್.

“ತಡಿ. ಏನೋ ಬರೆದಿದಾರೆ.”

“ನನಗೆ ಹಲಗೆನೇ ಕಾಣ್ತಿಲ್ಲ. ನಿನಗೆ ಓದೋಕಾಗುತ್ತಾ?”

ಬೊಕ್ರೆ ತೋಳಿನಿಂದ ಹಲಗೆ ಒರೆಸಿ ಬೆರಳಿಟ್ಟಳು. ‘ಸೇತುವೆ’ ಸುಲಭವಾಗಿ ಬಂತು. ಮುಂದಿನ ಪದದಲ್ಲಿ, ಕೊರಿಯನ್ ಲಿಪಿಯ ರೂಢಿಯಂತೆ, ಎರಡು ಅಕ್ಷರಗಳು ಒಂದರ ಕೆಳಗೆ ಒತ್ತಾಗಿ ಕೂತಿದ್ದವು. ತರಗತಿಯಲ್ಲಿ ಸದಾ ಕಾಡುತ್ತಿದ್ದ ಜಾತಿಯ ಒತ್ತು. ಒಮ್ಮೆ ಓದಿದಳು. ಅರ್ಥವಾಗಲಿಲ್ಲ. ಬಾಯಿಬಿಟ್ಟು ಇನ್ನೊಮ್ಮೆ ಓದಿದಳು.

“ಮು... ರಿದಿದೆ. ಸೇತುವೆ ಮುರಿದಿದೆ. ಬಲಕ್ಕೆ ಹೋಗಿ.”

“ಖಾತ್ರಿನಾ?”

ತಪ್ಪಿದರೆ ಇಬ್ಬರೂ ರಾತ್ರಿಯೆಲ್ಲ ಮಳೆಯಲ್ಲಿ ನೆನೆಯಬೇಕು. ಬೊಕ್ರೆ ಬೆರಳನ್ನು ಮತ್ತೆ ಅದೇ ಒತ್ತಿನ ಮೇಲಿಟ್ಟಳು.

“ಖಾತ್ರಿ. ನನ್ನ ಚೀಲ ಹಿಡ್ಕೊ.”

ಏರಿದರು. ಬೇರು ಹಿಡಿದರು, ಸರಪಳಿ ಹಿಡಿದರು, ಮಂಡಿಯೂರಿದರು. ಬೊಕ್ರೆ ಪ್ರತಿ ಹೆಜ್ಜೆಗೂ “ಇಲ್ಲಿ ಕಲ್ಲು, ಇಲ್ಲಿ ಗುಂಡಿ” ಎನ್ನುತ್ತ ಹೋದಳು. ಒಂದು ತಿರುವಿನಲ್ಲಿ ಮಂಜು ಸರಿಯಿತು. ಕೆಳಗೆ ಸೇತುವೆಯ ಅರ್ಧ ದಂಡೆಗೆ ನೇತುಬಿದ್ದಿತ್ತು, ಇನ್ನರ್ಧ ಇರಲೇ ಇಲ್ಲ. ಅದನ್ನು ಗೆಳತಿಗೆ ಹೇಳಿದಳು. ಜೊಮ್‌ಸುನ್ ಚೀಲದ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮುಸ್ಸಂಜೆಗೆ ಗುಡಿಯ ದೀಪ ಕಂಡಿತು. ಅಕ್ಕಿ ಒಪ್ಪಿಸಿದರು. ಕಡಲಪಾಚಿಯ ಬಿಸಿ ಸಾರಿಗೆ ಅನ್ನ ಕಲಸಿ, ಸೌತೆಕಾಯಿ ಕಿಮ್ಚಿ ನಂಚಿಕೊಂಡು ಬಟ್ಟಲು ಬರಿದು ಮಾಡಿದರು. ಬೆಳಗ್ಗೆ ಮಳೆ ನಿಂತು, ಬಂಡೆಯ ಮೇಲಿನ ಕಲ್ಲಿನ ಸ್ತೂಪದ ಸುತ್ತ ಶಿಖರಗಳು ತೊಳೆದಿಟ್ಟಂತೆ ನಿಂತಿದ್ದವು. ಬೊಕ್ರೆ ಸಾಷ್ಟಾಂಗವೆರಗಿದಳು. ಏನನ್ನೂ ಬೇಡಿಕೊಳ್ಳಬೇಕೆನಿಸಲಿಲ್ಲ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಕನ್ನಡಕವಿಲ್ಲದ ಗೆಳತಿಯ ಭಾರ ಬೇರೆ. ಆದರೂ ಸಂಜೆಯ ಬಸ್ಸು ತಪ್ಪಲಿಲ್ಲ. ಈ ಸಲ ಬೊಕ್ರೆ ಬಸ್ಸಿನ ಹಣೆಯಲ್ಲಿದ್ದ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ ಹತ್ತಿದಳು.

“ಆ ಕೆಂಪು ಬೋರ್ಡಲ್ಲಿ ಏನಿದೆ ಅಕ್ಕಾ?” ಕಿಟಕಿ ಕಡೆ ಕಣ್ಣು ಕಿರಿದು ಮಾಡಿ ಜೊಮ್‌ಸುನ್ ಕೇಳಿದಳು.

“ಟೈರ್ ರಿಪೇರಿ.”

“ಅದರ ಪಕ್ಕ?”

“ಆಲೂಗಡ್ಡೆ ರೊಟ್ಟಿ. ಇವತ್ತು ರಜೆ.”

ಹಾಗೆ ಕೇಳುತ್ತ ಕೇಳುತ್ತ ಜೊಮ್‌ಸುನ್ ಅವಳ ಹೆಗಲಿಗೊರಗಿ ನಿದ್ದೆ ಹೋದಳು. ಬೊಕ್ರೆಗೂ ರೆಪ್ಪೆ ಎಳೆಯುತ್ತಿತ್ತು. ಆದರೆ ಅವಳು ಬೆನ್ನು ನೆಟ್ಟಗೆ ಮಾಡಿ, ಗಾಜಿನ ಮೇಲಿನ ಆವಿ ಒರೆಸಿ ಕುಳಿತಳು. ಇಳಿಯುವ ಊರಿನ ಹೆಸರು ಬಂದಾಗ ಓದಬೇಕಾದವಳು ಅವಳೇ ಆಗಿದ್ದಳು.