ಒದ್ದೆ ಗೋಣಿಯ ಕೆಳಗಿನ ಮಣ್ಣು

ಗುರುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸೈಕಲ್ ಕ್ಲಬ್ಬಿನ ತರಬೇತುದಾರ ಠಾಣೆಯ ಮೆಟ್ಟಿಲು ಹತ್ತಿದ. ಗುಡ್ಡದ ಸೈಕಲ್ ದಾರಿಗೆ ರಾತ್ರಿ ಯಾರೋ ಅಡ್ಡಲಾಗಿ ದಿಮ್ಮಿ ಹಾಕಿದ್ದಾರೆ, ಅದರಾಚೆ ಸೈಕಲ್ ಹಾರಿಸಲು ಮಣ್ಣಲ್ಲಿ ಕಟ್ಟಿದ ದೊಡ್ಡ ಜಂಪಿನ ತುದಿಯನ್ನೂ ಅಗೆದು ಹಾಕಿದ್ದಾರೆ ಎಂಬುದು ಅವನ ದೂರು. ನಸುಕಿನಲ್ಲಿ ಒಬ್ಬಳೇ ಅಭ್ಯಾಸಕ್ಕೆ ಬಂದ ಹುಡುಗಿ ದಿಮ್ಮಿಗೆ ಬಡಿದು ಭುಜದ ಮೂಳೆ ಮುರಿದುಕೊಂಡಿದ್ದಳು. ಭಾನುವಾರ ರೇಸು. ಗೆಲ್ಲುವವಳು ಅವಳೇ ಎಂದು ಕ್ಲಬ್ಬಿನವರೆಲ್ಲ ನಂಬಿದ್ದರು.

"ಆ ಪಾಪಿ ಯಾರು ಅಂತ ಹಿಡಿದುಕೊಡಿ ಮೇಡಂ," ಎಂದ.

ಇನ್ಸ್‌ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿ, ಸ್ಥಳ ಪರಿಶೀಲನೆಗೆ ಸಾಕ್ಷಿಯಾಗಿ ಇಬ್ಬರು ಪಂಚರನ್ನೂ ದಫೇದಾರನನ್ನೂ ಕರೆದುಕೊಂಡು ಹೊರಟರು. ದಾರಿ ತೋರಿಸಲು ತರಬೇತುದಾರನೂ ಬಂದ. ದಫೇದಾರನಿಗೆ ತನ್ನ ಹೊಟ್ಟೆ ಹೊತ್ತು ಗುಡ್ಡ ಹತ್ತುವಷ್ಟರಲ್ಲಿ ಏದುಸಿರು ಬಂತು.

"ಅಲ್ಲ ಮೇಡಂ, ನಡ್ಕೊಂಡು ಇಳಿಯೋಕೇ ಕಾಲು ನಡುಗುತ್ತೆ. ಇದ್ರಲ್ಲಿ ಸೈಕಲ್ ಬಿಡ್ತಾರಲ್ಲ, ಇವರಿಗೆ ಮನೇಲಿ ಹೇಳೋರು ಕೇಳೋರು ಇಲ್ವಾ?"

"ಈ ದಾರಿನೆಲ್ಲ ಕಡಿದು ಮಾಡಿದ್ದೇ ಆ ಹುಡುಗಿ ಅಪ್ಪ," ಎಂದ ತರಬೇತುದಾರ. "ಚಿಕ್ಕವಳಿದ್ದಾಗಿಂದ ಅವಳ ಹಿಂದೆ ಓಡಿ ಓಡಿ ಕಲಿಸಿದಾನೆ. ಇಳಿಜಾರಲ್ಲಿ ಪೆಡಲ್ ಮೇಲೆ ಎದ್ದು ನಿಂತು ಸೊಂಟ ಹಿಂದಕ್ಕೆ ಒಯ್ಯಬೇಕು. ಮುಂದಿನ ಬ್ರೇಕು ಒಂದೇ ಬೆರಳಲ್ಲಿ, ಹದವಾಗಿ. ಎಲ್ಲಕ್ಕಿಂತ ಮುಖ್ಯ ಕಣ್ಣು. ಮರ ನೋಡಿದ್ರೆ ಮರಕ್ಕೇ ಹೋಗಿ ಗುದ್ದುತ್ತೀವಿ. ಹೋಗಬೇಕಾದ ದಾರಿನೇ ನೋಡ್ತಿರಬೇಕು."

ಪಂಚನಾಮೆ ಶುರುವಾಯಿತು. ದಿಮ್ಮಿ ಬಿದ್ದಿದ್ದದ್ದು ನೇರ ದಾರಿಯಲ್ಲಿ, ದೂರದಿಂದಲೇ ಕಾಣುವಂತೆ. ಸಾಲದ್ದಕ್ಕೆ ಅದಕ್ಕೊಂದು ಕೆಂಪು ಬಟ್ಟೆ ಬೇರೆ ಕಟ್ಟಿತ್ತು. ಇನ್ಸ್‌ಪೆಕ್ಟರಮ್ಮನಿಗೆ ವಿಚಿತ್ರವೆನಿಸಿತು. ಬೀಳಿಸಬೇಕೆಂದಿದ್ದವನು ತಿರುವಿನ ಮರೆಯಲ್ಲಿ ಹಾಕುತ್ತಿದ್ದ. ಇವನು ನಿಲ್ಲಿಸಲು ಹಾಕಿದ್ದಾನೆ. ಜಂಪಿನ ಬಳಿ ಅಗೆದ ಮಣ್ಣನ್ನೂ ಎಸೆದಿರಲಿಲ್ಲ. ಒಂದೆಡೆ ಗುಡ್ಡೆ ಹಾಕಿ, ತಟ್ಟಿ, ಮೇಲೆ ಒದ್ದೆ ಗೋಣಿ ಹೊದಿಸಿತ್ತು.

"ಇದೇನು?"

"ಜೇಡಿಮಣ್ಣು ಮೇಡಂ. ಒಣಗಿದ್ರೆ ಮತ್ತೆ ಕಟ್ಟೋಕೆ ಬರಲ್ಲ. ಅರ್ಧಕ್ಕೆ ಕೆಲಸ ಬಿಟ್ಟು ಹೋಗುವಾಗ ಹೀಗೆ..." ತರಬೇತುದಾರನ ಮಾತು ಅಲ್ಲಿಗೇ ನಿಂತಿತು.

"ಹೀಗೆ ಮುಚ್ಚೋರು ಯಾರು?"

ಅವನು ತಲೆ ತಗ್ಗಿಸಿದ. "ಅವಳಪ್ಪ. ಆದ್ರೆ ಮೇಡಂ, ಮಗಳು ಅಂದ್ರೆ ಅವನಿಗೆ ಪ್ರಾಣ."

ಆಸ್ಪತ್ರೆಯ ವಾರ್ಡಿನಲ್ಲಿ ಅಪ್ಪ ಮಗಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಗಲ್ಲದ ಮೇಲೆ ಸುರಿದದ್ದನ್ನು ತನ್ನ ಅಂಗಿಯ ತುದಿಯಿಂದ ಒರೆಸುತ್ತಿದ್ದ.

"ದಿಮ್ಮಿ ಕಾಣಲಿಲ್ವಾ?" ಇನ್ಸ್‌ಪೆಕ್ಟರಮ್ಮ ಹುಡುಗಿಯನ್ನು ಕೇಳಿದರು.

"ಇಲ್ಲ ಮೇಡಂ. ಏನೂ ನೆನಪಿಲ್ಲ."

"ಆಚೆ ಗೋಣಿ ಕಂಡಿತಾ?"

ಹುಡುಗಿಯ ಕಣ್ಣು ತುಂಬಿತು. ಅಪ್ಪ ಬಟ್ಟಲು ಕೆಳಗಿಟ್ಟ.

"ನಾನೇ ಮಾಡಿದ್ದು ಮೇಡಂ. ಅವಳ ಬಾಯಲ್ಲಿ ಸುಳ್ಳು ಹೇಳಿಸಬೇಡಿ."

"ಯಾಕೆ?"

"ಜಂಪ್ ಮುಗಿದ ದಿನ ಎಲ್ರೂ ಚಪ್ಪಾಳೆ ತಟ್ಟಿದ್ರು. ಇವಳು ಎಲ್ಲರೆದುರು, 'ನಮ್ಮಪ್ಪ ಕಟ್ಟಿದ್ದು, ಕಣ್ಣು ಮುಚ್ಕೊಂಡು ಹಾರ್ತೀನಿ' ಅಂದ್ಳು. ಆಮೇಲೆ ಕೆಳಗೆ ನಿಂತು ನೋಡ್ತೀನಿ, ಇಳಿಯೋ ಜಾಗ ಗಿಡ್ಡ ಆಗಿದೆ. ಜೋರಾಗಿ ಬಂದವರು ಅದನ್ನ ದಾಟಿ ಚಪ್ಪಟೆ ನೆಲಕ್ಕೆ ಬೀಳ್ತಾರೆ, ಬೆನ್ನು ಮುರಿಯುತ್ತೆ. ತಪ್ಪಾಯ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ. ಯಾರೂ ಹಾರದ ಹಾಗೆ ರಾತ್ರಿ ಹೋಗಿ ತುದಿ ಅಗೆದುಹಾಕಿದೆ. ಯಾರೋ ಪೋಲಿಗಳು ಕಿತ್ತರು ಅಂತ ಹೇಳಿ, ಭಾನುವಾರದೊಳಗೆ ಸರಿಯಾಗಿ ಕಟ್ಟೋಣ ಅಂದ್ಕೊಂಡೆ. ಅಲ್ಲೀವರೆಗೆ ಯಾರೂ ಬರದಿರಲಿ ಅಂತ ದಿಮ್ಮಿ ಹಾಕಿದೆ. ಇವಳು ಹೇಳದೆ ಕೇಳದೆ ಹೋಗ್ತಾಳೆ ಅಂತ ಗೊತ್ತಿರಲಿಲ್ಲ."

"ದಿಮ್ಮಿ ಕಂಡಿತ್ತು ಮೇಡಂ," ಎಂದಳು ಮಗಳು ಬಿಕ್ಕುತ್ತ. "ಬ್ರೇಕ್ ಹಿಡಿಯೋಕೆ ಟೈಮೂ ಇತ್ತು. ಆದ್ರೆ ಗೋಣಿ ಕಂಡ ತಕ್ಷಣ ಅಪ್ಪನ ಕೈ ಅಂತ ಗೊತ್ತಾಯ್ತು. ಅದನ್ನೇ ನೋಡ್ತಾ ಇದ್ದುಬಿಟ್ಟೆ." ಪೆಟ್ಟಾಗದ ಕೈಯಿಂದ ಅಪ್ಪನ ಅಂಗಿ ಹಿಡಿದು ಎಳೆದಳು. "ಹೇಳಿದ್ರೆ ನಾನೂ ಸಲಿಕೆ ಹಿಡ್ಕೊಂಡು ಬರ್ತಿದ್ನಲ್ಲಪ್ಪಾ! ನೀನು ತಪ್ಪೇ ಮಾಡಲ್ಲ ಅಂತ ನಾನು ಯಾವತ್ತು ಅಂದಿದ್ದೆ?"

ಅಪ್ಪ ಅವಳ ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಅತ್ತುಬಿಟ್ಟ. ದಫೇದಾರ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಗಾಯವಾದ ಮೇಲೆ ಕಾನೂನು ಸುಮ್ಮನಿರುವುದಿಲ್ಲ. ಇನ್ಸ್‌ಪೆಕ್ಟರಮ್ಮ ಅವನನ್ನು ಬಂಧಿಸಿದರು. ಜಾಮೀನು ಸಿಗುವ ಪ್ರಕರಣ, ಸಂಜೆಗೆ ಮಗಳ ಬಳಿ ಬರಬಹುದು ಎಂದೂ ಹೇಳಿದರು. ಅವನ ಕೈ ಹಿಡಿಯಲು ದಫೇದಾರನಿಗೆ ಮನಸ್ಸಾಗಲಿಲ್ಲ. ದ್ವೇಷವಿಲ್ಲ, ಲಾಭವಿಲ್ಲ. ಮಗಳ ಕಣ್ಣಲ್ಲಿ ಸಣ್ಣವನಾಗಲಾರದೆ ಒಬ್ಬ ಅಪ್ಪ ಮಾಡಿದ ಕೆಲಸವಿದು. ಇದನ್ನು ಕೇಸ್ ಡೈರಿಯಲ್ಲಿ ಹೇಗೆ ಬರೆಯುವುದೆಂದು ಇನ್ಸ್‌ಪೆಕ್ಟರಮ್ಮ ಜೀಪಿನಲ್ಲಿ ಯೋಚಿಸುತ್ತ ಕೂತರು.

"ಮೇಡಂ," ಹಿಂದಿನ ಸೀಟಿನಿಂದ ಅಪ್ಪನ ಅಳುಕು ದನಿ ಬಂತು. "ಬಿಸಿಲು ಏರಿದೆ. ಆ ಗೋಣಿ ಒಣಗಿರುತ್ತೆ."

ಇನ್ಸ್‌ಪೆಕ್ಟರಮ್ಮ ಜೀಪು ನಿಲ್ಲಿಸಿದರು.

"ದಫೇದಾರ್ರೇ, ಆ ಮಣ್ಣು ಈ ಕೇಸಿನ ಮುದ್ದೆಮಾಲು, ಸಾಕ್ಷಿ ವಸ್ತು ಅಲ್ವೇನ್ರೀ? ಕೆಡದ ಹಾಗೆ ನೋಡ್ಕೊಳ್ಳೋದು ನಮ್ಮ ಜವಾಬ್ದಾರಿ."

ದಫೇದಾರ ಗುಡ್ಡವನ್ನು ನೋಡಿದ, ತನ್ನ ಹೊಟ್ಟೆಯನ್ನು ನೋಡಿಕೊಂಡ. "ಹೂಂ ಮೇಡಂ," ಎಂದು ಬಕೆಟ್ ಹುಡುಕಲು ಇಳಿದ.