ನೀಲಿ ಗಾಜಿನ ಮೇಲೊಂದು ಸುಳ್ಳು

ಲಾಲಮ್ಮ, ದಶರಥ, ಇಬ್ಬರ ಮುಖವೂ ಒಂದೇ ಗಾಜಿನ ಹಿಂದಿತ್ತು. ಭಗವಂತನಿಗೆ ಅದನ್ನೇ ಸಹಿಸಲಾಗಲಿಲ್ಲ.

ವಾಡಿ ಸ್ಟೇಷನ್ ಹತ್ತಿರ ಗುಲಾಮ ದಸ್ತಗೀರರ ಕಾರ್ಖಾನೆ. ಬಣ್ಣದ ಗಾಜು ಕತ್ತರಿಸಿ, ಸೀಸದ ಪಟ್ಟಿಯಲ್ಲಿ ಕೂಡಿಸಿ ಕಿಟಕಿ ಮಾಡುವ ಕೆಲಸ. ನಕ್ಷೆ ಬರೆದು ಗಾಜು ಆರಿಸುವವಳು ಲಾಲಮ್ಮ, ಕತ್ತರಿಸುವವನು ಭಗವಂತ. ವರ್ಷಗಟ್ಟಲೆ ಎದುರುಬದುರು ಕುಳಿತರೂ ಅವನು ಮನಸ್ಸಿನ ಮಾತು ಆಡಿರಲಿಲ್ಲ. ಆಡದೆಯೇ ಅವಳಿಗೆ ಗೊತ್ತಾಗಿದೆ ಎಂದುಕೊಂಡಿದ್ದ.

ಎಪ್ಪತ್ತೆರಡರ ಚಳಿಗಾಲ. ಶಹಾಬಾದಿನ ಹೊಸ ಚರ್ಚಿನ ಕಿಟಕಿಗೆ ನೀಲಿ ಗಾಜು ಬೇಕಿತ್ತು. ಹೈದರಾಬಾದಿನ ಅಂಗಡಿಯಿಂದ ಗಾಜಿನ ಹಾಳೆ ತಂದವನು ದಶರಥ. ಸೇಡಂ ಕಡೆಯವನೇ, ಇಸ್ತ್ರಿ ಹಾಕಿದ ಪ್ಯಾಂಟು, ಮಾತಿಗೊಂದು ನಗು.

ಲಾಲಮ್ಮ ಹಾಳೆಯನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದಳು. ಅವಳ ಕೆನ್ನೆ ನೀಲಿಯಾಯಿತು. ದಶರಥನದೂ.

"ಒಳಗ ಗಾಳಿಗುಳ್ಳಿ ಭಾಳ ಅವರಿ, ನಡೀತದೇನು?" ಎಂದ ದಶರಥ.

"ಗುಳ್ಳಿ ಇದ್ರ ಬೆಳಕು ಕುಣೀತದ. ಕರಗದ ಕಲ್ಲಿರಬಾರ್ದು. ಕಲ್ಲಿದ್ರ ಅಲ್ಲೇ ಸೀಳ್ತದ."

ಅಂಚಿನುದ್ದಕ್ಕೂ ಬೆರಳಾಡಿಸಿ ದಪ್ಪ ನೋಡಿದಳು. ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು. ಆಮೇಲೆ ದಶರಥನಿಗೆ ಮೆಲ್ಲಗೆ ಏನೋ ಹೇಳಿದಳು. ಇಬ್ಬರೂ ಭಗವಂತನ ಕಡೆ ನೋಡಿ ನಕ್ಕರು.

ಅವನ ಎದೆಯಲ್ಲಿ ಬೆಂಕಿ ಬಿತ್ತು.

"ನೀವೊಂದ್ಸಲ ಕೊಯ್ದು ನೋಡ್ರಿ," ಎಂದಳು ಲಾಲಮ್ಮ.

ಭಗವಂತ ಹಾಳೆಯ ಮೂಲೆಯಲ್ಲಿ ಗೆರೆ ಎಳೆದು ಮುರಿದ. ಗಾಜು ಗೆರೆ ಬಿಟ್ಟು ಕೂದಲಷ್ಟೂ ಸರಿಯಲಿಲ್ಲ. ಇಷ್ಟು ಒಳ್ಳೆಯ ಹಾಳೆಯನ್ನು ಅವನು ಮುಟ್ಟಿಯೇ ಇರಲಿಲ್ಲ.

"ಬ್ಯಾಡ," ಎಂದ. "ಸರಿಯಾಗಿ ಆರಿಲ್ಲ, ಒಳಗ ಬಿಗಿ ಅದ. ಕೊಯ್ಯುವಾಗ ಒಡೀತದ."

ಕೊಯ್ಯುವವನ ಮಾತೇ ಕೊನೆ. ದಸ್ತಗೀರರು ಹಾಳೆಗಳನ್ನು ವಾಪಸು ಕೊಟ್ಟರು. ದಶರಥ ಹುಲ್ಲಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ನಡೆದ.

ಲಾಲಮ್ಮ ಮೇಜಿನ ಮೇಲಿದ್ದ ನೀಲಿ ತುಂಡನ್ನು ಎತ್ತಿ ಅವನ ಮುಂದೆ ಹಿಡಿದಳು. ಅಂಚು ನೀರಿನಂತೆ ನುಣುಪಾಗಿತ್ತು.

"ನನ್ನ ಮ್ಯಾಲ ಸಿಟ್ಟಿದ್ರ ನನಗ ಬೈ. ಗಾಜಿನ ಮ್ಯಾಲ ಯಾಕ ಸುಳ್ಳು ಹೇಳ್ದಿ?"

ಅವಳು ಅವನಿಗೆ 'ನೀ' ಎಂದದ್ದು ಇದೇ ಮೊದಲು.

"ಅಂವನ ಕಿವ್ಯಾಗ ಏನ್ ಹೇಳಾಕತ್ತಿದ್ದಿ?"

"ಅಂವಗೇ ಕೇಳು, ಹೋಗು."

ಗಾಜಿನ ಮೇಲೆ ಸುಳ್ಳು ಎಂಬ ಮಾತು ಚುಚ್ಚಿ, ಭಗವಂತ ನೇರವಾಗಿ ದಸ್ತಗೀರರ ಮುಂದೆ ನಿಂತ. "ಸಾಹೇಬ್ರ, ನಾ ಸುಳ್ಳು ಹೇಳಿದ್ನಿರಿ. ಗಾಜು ಛಲೋ ಅದ."

ಅವರು ಕನ್ನಡಕದ ಮೇಲಿಂದ ದಿಟ್ಟಿಸಿದರು. "ಗಾಡಿ ಬರಾದ್ರಾಗ ತಗೊಂಡ್ ಬಾ. ಇಲ್ಲಾಂದ್ರ ನೀನೂ ಬರಬ್ಯಾಡ."

ಪ್ಲಾಟ್‌ಫಾರ್ಮಿನಲ್ಲಿ ದಶರಥ ಚಹಾ ಕುಡಿಯುತ್ತಿದ್ದ. ಭಗವಂತ ಏದುಸಿರು ಬಿಡುತ್ತಲೇ ಕೇಳಿದ, "ಆ ಗಾಜು ಮತ್ತ ಕೊಡ್ತೀರೇನ್ರಿ? ತಪ್ಪು ನನ್ದೇ."

ದಶರಥ ಈ ಸಲ ನಗಲಿಲ್ಲ. "ಹ್ವಾದ ಸಲದ ಹಾಳಿ ಸಿಡಿದು ನಿಮ್ಮ ಕೈ ಕೊಯ್ತಂತ. ಸರಿಯಾಗಿ ಕಾಸಿ ಆರಿಸಿದ್ದೇ ತರಬೇಕು, ಅವರ ಕೈ ಇನ್ನೊಮ್ಮೆ ಕೊಯ್ಯಬಾರ್ದು ಅಂತ ಲಾಲಮ್ಮ ಹೇಳಿ ಕಳಿಸಿದ್ರು. ಇವತ್ತೂ ಅದನ್ನೇ ಅನ್ನಾಕತ್ತಿದ್ರು." ಹಾಳೆಗಳನ್ನು ಮುಂದೆ ಸರಿಸಿದ. "ಹ್ವಾದ ಸಲ ಬಂದಾಗ ನಾನೂ ಕೇಳಿದ್ನಿ, ನನ್ನ ಮದಿವಿ ಆಗಿ ಹೈದ್ರಾಬಾದಿಗಿ ಬರ್ತೀರೇನು ಅಂತ. ಒಲ್ಲೆ ಅಂದ್ರು. ನಿಮ್ಮ ನಸೀಬು ಛಲೋ ಅದ."

ಹುಲ್ಲಿನ ಕಟ್ಟು ಹೊತ್ತು ಭಗವಂತ ಮರಳಿದಾಗ ಲಾಲಮ್ಮ ಹಳಿ ದಾಟುವ ಗೇಟಿನ ಬಳಿ ನಿಂತಿದ್ದಳು.

"ಅಂವ ಕೇಳ್ದಾಗ ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಹೊಟ್ಟಿಕಿಚ್ಚಿನಿಂದ ಮದಿವಿ ಆಗು ಅಂತ ಕೇಳ್ತಿದ್ದಿ. ಅಂವ ಒಂದೇ ದಿನ್ದಾಗ ಕೇಳ್ದ. ನೀ ದಿನಾ ಎದುರಿಗಿ ಕುಂತು ಬಾಯಿ ಬಿಡ್ಲಿಲ್ಲ. ನನಗ ಸಿಟ್ಟು ಬಂದಿದ್ದು ಅದಕ್ಕ."

"ಈಗ ಕೇಳ್ತೀನಿ. ನನ್ನ ಮದಿವಿ ಆಗ್ತಿ?"

"ಮದಲ ಗಾಜು ಕೆಳಗಿಡು. ಕೈ ತೋರ್ಸು."

ಇಟ್ಟ. ಲಾಲಮ್ಮ ಅವನ ಅಂಗೈ ತೆರೆದು, ಒಣಗಿದ ಗಾಯದ ಗುರುತಿನ ಮೇಲೆ ಹೆಬ್ಬೆರಳೊತ್ತಿದಳು. ಗೇಟಿನವನು ನೋಡುತ್ತಿದ್ದರೂ ಬಿಡಲಿಲ್ಲ.

"ಐತವಾರ ನಮ್ಮ ಮನಿಗಿ ಬಾ," ಎಂದಳು. "ಒಬ್ಬನೇ ಅಲ್ಲ. ನಿಮ್ಮ ಅವ್ವನ್ನ ಕರ್ಕೊಂಡ್ ಬಾ."